ಶುಕ್ರಾಚಾರ್ಯರು ಕಲಿತ ಪಾಠ



ಮಹಾಭಾರತದ ಆದಿಪರ್ವದ ಕಚ-ದೇವಯಾನಿಯರ ಕಥೆ ನಮಗೆಲ್ಲ ಗೊತ್ತು. ಅಸುರರು ಕಚನನ್ನು ಕೊಂದು ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರು ಶುಕ್ರಾಚಾರ್ಯರಿಗೇ ಕುಡಿಸಿದರು. ಸತ್ತವರನ್ನು ಬದುಕಿಸುವ ಸಂಜೀವಿನಿ ವಿದ್ಯೆ ಬಲ್ಲವರೇ ಕುಡಿತದಲ್ಲಿ ಮೈಮರೆತು ತಮ್ಮ ಶಿಷ್ಯನನ್ನು ನುಂಗಿದರು!

ಅಮೆರಿಕದಲ್ಲಿ ಫಾರ್ಮಸಿ ಓದುವ ನಮ್ಮ ಮಕ್ಕಳಿಗೂ ಈ ಕಥೆ ಸಲ್ಲುತ್ತದೆ. "ಔಷಧದ ಪ್ರಮಾಣ ನಮಗೆ ಗೊತ್ತು, ನಮಗೇನೂ ಆಗದು" ಎಂಬ ಧೈರ್ಯವೇ ಅಪಾಯ. ನಾವು ಇಂಜಿನಿಯರಿಂಗ್ ಪರೀಕ್ಷೆಗೆ ಕಾಫಿ ಕುಡಿದು ನಿದ್ದೆಗೆಟ್ಟೆವು. ಇಂದು ಕೆಲವರು ಗೆಳೆಯರಿಂದ ಆಡರಾಲ್ ಮಾತ್ರೆ ಪಡೆಯುತ್ತಾರೆ, ಆಮೇಲೆ ಮದ್ಯ ಕುಡಿಯುತ್ತಾರೆ. ಮಾತ್ರೆಯು ಅಮಲನ್ನು ಮರೆಮಾಡುವುದರಿಂದ ಕುಡಿದದ್ದು ಹೆಚ್ಚಾದರೂ ತಿಳಿಯದು. ಮುಂದೆ ಲೈಸೆನ್ಸ್ ಸಿಗದೆಂಬ ಭಯಕ್ಕೆ ಯಾರಿಗೂ ಹೇಳುವುದಿಲ್ಲ. ನಾವೋ ಜಿಪಿಎ ಎಷ್ಟೆಂದು ಕೇಳುತ್ತೇವೆ, ನಿದ್ದೆ ಮಾಡಿದೆಯಾ ಎಂದು ಕೇಳುವುದಿಲ್ಲ.

ಕಚ ಸಂಜೆ ಮನೆಗೆ ಬರಲಿಲ್ಲವೆಂದು ಗಮನಿಸಿದವಳು ದೇವಯಾನಿ. ಅವಳು ಕೇಳಿದ್ದರಿಂದಲೇ ಅವನು ಬದುಕಿದ. ನಾವೂ ಗದರದೆ ಕೇಳೋಣ. ಹಲವು ರಾಜ್ಯಗಳಲ್ಲಿ ಫಾರ್ಮಸಿಸ್ಟರಿಗೂ ವಿದ್ಯಾರ್ಥಿಗಳಿಗೂ ಚಟದಿಂದ ಹೊರಬರಲು ನೆರವಾಗುವ ವ್ಯವಸ್ಥೆಯಿದೆ. 2022ರಿಂದ 988ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು.

ಎಚ್ಚೆತ್ತ ಶುಕ್ರಾಚಾರ್ಯರೇ ಮದ್ಯಪಾನ ಕೂಡದೆಂದು ಸಾರಿದರು. ತಪ್ಪನ್ನು ಒಪ್ಪಿಕೊಂಡ ಮೇಲೂ ಅವರು ಆಚಾರ್ಯರಾಗಿಯೇ ಉಳಿದರು. ಇದನ್ನು ನಮ್ಮ ಮಕ್ಕಳಿಗೆ ತಪ್ಪದೆ ಹೇಳೋಣ. ಧನ್ವಂತರಿಯು ಎಲ್ಲರನ್ನೂ ಕಾಪಾಡಲಿ.