ಮುಚ್ಚಿದ ಮುಷ್ಟಿ

ಕಳೆದ ರವಿವಾರ ಓದು ಮುಗಿದ ಮೇಲೆ ಮೂಡಲಗಿಯ ಬಂಧುವೊಬ್ಬರು ಒಂದು ಪ್ರಶ್ನೆ ಎತ್ತಿದರು. “ಸರ, ಪವಾಡ ಬಯಲು ಮಾಡೋ ಮಂದಿ ಸಾಲಿಗೆ ಬಂದು ಎಲ್ಲಾ ಗುಟ್ಟು ಹೇಳಿ ಹೋಗ್ತಾರ. ಛಲೋನ ಆತು. ಆದ್ರ ಸಂತ್ಯಾಗ ಜಾದೂ ಮಾಡಿ ಹೊಟ್ಟಿ ತುಂಬಿಸ್ಕೊಳ್ಳಾವಂದು ಏನ್ರಿ ಗತಿ? ಅವನ ಗುಟ್ಟೂ ಬಯಲಾದ್ರ ಅವನ ರೊಟ್ಟಿ ಹೋತಲ್ರಿ?”

ಅವತ್ತು ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. ಇವತ್ತಿನ ಚಿಂತನೆಗೆ ಅದನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಆ ರೊಟ್ಟಿಯ ಮಾತು. ನಮ್ಮ ನಾಡಿನಲ್ಲಿ ಕೈಚಳಕವನ್ನು ಹೊಟ್ಟೆಪಾಡು ಮಾಡಿಕೊಂಡವರಲ್ಲಿ ಸುಡುಗಾಡು ಸಿದ್ಧರು ಇದ್ದಾರೆ, ಊರೂರು ತಿರುಗುವ ಗಾರುಡಿಗರು ಇದ್ದಾರೆ. ಸುಡುಗಾಡು ಸಿದ್ಧರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಅಲೆಮಾರಿ ಸಮುದಾಯ. ಹೊಲವಿಲ್ಲ, ನೆಲೆಯಿಲ್ಲ. ಅಪ್ಪನಿಂದ ಮಗನಿಗೆ ಬಂದ ಆಸ್ತಿ ಎಂದರೆ ಬೆರಳಿನ ಚುರುಕು, ಮಾತಿನ ಚುರುಕು. ಆದ್ದರಿಂದ ಈ ಪ್ರಶ್ನೆ ಕೇಳುವಾಗ ನಾವು ಬೇರೆ ಯಾರದೋ ಮನೆಯ ವಿಚಾರ ಮಾತಾಡುತ್ತಿಲ್ಲ. ನಮ್ಮ ಹಾಗೆಯೇ ಊರ ಹೊರಗೆ ನಿಲ್ಲಿಸಲ್ಪಟ್ಟವರ ಅನ್ನದ ವಿಚಾರ ಇದು.

ಈಗ ಇನ್ನೊಂದು ಕಡೆ ನೋಡೋಣ. ನನ್ನ ತರಗತಿಯ ಹುಡುಗನೊಬ್ಬನ ತಾಯಿಗೆ ಜ್ವರ ಬಿಡದೆ ಕಾಡುತ್ತಿತ್ತು. ಮನೆಯವರು ಒಬ್ಬನನ್ನು ಕರೆಸಿದರು. ಅವನು ಲಿಂಬೆಹಣ್ಣು ಕೊಯ್ದ, ಕೆಂಪಗೆ ರಸ ಸೋರಿತು. “ಯಾರೋ ಮಾಟ ಮಾಡ್ಯಾರ, ದೂರದವರಲ್ಲ” ಅಂದ. ಹಣ ಹೋಯಿತು, ಕೋಳಿ ಹೋಯಿತು. ಅದಕ್ಕಿಂತ ಹೆಚ್ಚಿನದು ಇನ್ನೊಂದು ಹೋಯಿತು. ಓಣಿಯಲ್ಲಿ ಒಬ್ಬಳೇ ಇರುವ ಮುದುಕಿಯ ಸಂಗಡ ಆ ಮನೆಯವರು ಮಾತು ಬಿಟ್ಟರು. ಅವಳು ನೀರಿಗೆ ಬಂದರೆ ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಸರಿದು ನಿಲ್ಲುವುದು ಎಂದರೇನು ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಕೆಲ ದಿನಗಳ ಮೇಲೆ ಶಾಲೆಯಲ್ಲಿ ಪವಾಡ ಬಯಲು ಕಾರ್ಯಕ್ರಮ ಆಯಿತು. ಚಾಕುವಿಗೆ ಮೊದಲೇ ದಾಸವಾಳ ಹೂವು ತಿಕ್ಕಿ ಒಣಗಿಸಿದರೆ ಲಿಂಬೆಯ ಹುಳಿ ತಾಗಿದ ಕೂಡಲೇ ರಸ ಕೆಂಪಾಗುತ್ತದೆ. ಮಕ್ಕಳೇ ಮಾಡಿ ನೋಡಿದರು. ಆ ಹುಡುಗ ಮನೆಗೆ ಹೋಗಿ ಅವ್ವನ ಮುಂದೆ ಅದನ್ನೇ ಮಾಡಿ ತೋರಿಸಿದ. ಜ್ವರಕ್ಕೆ ಔಷಧ ದವಾಖಾನೆಯಲ್ಲಿ ಸಿಕ್ಕಿತು. ಆ ಮುದುಕಿಗೆ ನ್ಯಾಯ ಸಿಕ್ಕಿದ್ದು ಈ ಹುಡುಗನ ಕೈಯಲ್ಲಿದ್ದ ಲಿಂಬೆಹಣ್ಣಿನಿಂದ.

ಇದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪವಾಡದ ಗುಟ್ಟು ಬಯಲಾದರೆ ಮೋಸಗಾರ ಸಿಕ್ಕಿಬೀಳುತ್ತಾನೆ ಎಂದಷ್ಟೇ ತಿಳಿಯುತ್ತೇವೆ. ಆದರೆ ಮಾಟ, ಭಾನಾಮತಿ ಎಂಬ ಪ್ರತಿಯೊಂದು ಮಾತಿನ ಹಿಂದೆ ಒಬ್ಬ ಆರೋಪಿ ಇರುತ್ತಾಳೆ. ಹೆಚ್ಚಾಗಿ ಬಡವಿ, ಒಂಟಿ ಹೆಂಗಸು. ಗುಟ್ಟು ಮುಚ್ಚಿದ್ದಷ್ಟು ದಿನ ಅವಳು ತಪ್ಪಿತಸ್ಥೆ. ಗುಟ್ಟು ಬಿಚ್ಚಿದ ದಿನ ಅವಳ ಬಿಡುಗಡೆ.

ಇದು ನಮ್ಮ ಸೀಮೆಯ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಹೆಂಗಸರನ್ನು ಮಾಟಗಾತಿಯರೆಂದು ಗಲ್ಲಿಗೆ ಹಾಕುತ್ತಿದ್ದ ಕಾಲದಲ್ಲಿ, 1584ರಲ್ಲಿ, ರೆಜಿನಾಲ್ಡ್ ಸ್ಕಾಟ್ ಎಂಬಾತ ಒಂದು ಪುಸ್ತಕ ಬರೆದ. ಜಾದೂಗಾರರು ನಾಣ್ಯ ಮಾಯ ಮಾಡುವುದು ಹೇಗೆ, ತಲೆ ಕತ್ತರಿಸಿದಂತೆ ತೋರಿಸುವುದು ಹೇಗೆ ಎಂದು ಅದರಲ್ಲಿ ವಿವರಿಸಿದ. ಜಾದೂಗಾರರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಕೈಚಳಕದಿಂದ ಇಷ್ಟೆಲ್ಲ ಆಗುತ್ತದೆ ಎಂದು ತಿಳಿದರೆ ಬಡ ಮುದುಕಿಯರನ್ನು ಕೊಲ್ಲುವುದು ನಿಂತೀತು ಎಂಬುದು ಅವನ ಆಸೆ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಕನ್ನಡದಲ್ಲಿ ‘ಕಣ್ಕಟ್ಟು’ ಎಂಬ ಪ್ರಾಮಾಣಿಕವಾದ ಪದ ಒಂದಿದೆ. “ನಿಮ್ಮ ಕಣ್ಣು ಕಟ್ಟತೇನ ನೋಡ್ರಿ” ಎಂದು ಹೇಳಿಯೇ ಆಟ ಶುರು ಮಾಡುವವನು ದೊಡ್ಡ ಗುಟ್ಟನ್ನು ಆಗಲೇ ಬಿಟ್ಟುಕೊಟ್ಟಿದ್ದಾನೆ. ಇದು ಆಟ, ಶಕ್ತಿಯಲ್ಲ ಎಂಬುದೇ ಆ ಗುಟ್ಟು. ಉಳಿದದ್ದು ನಾಣ್ಯ ಯಾವ ಬೆರಳಿನ ಸಂದಿಯಲ್ಲಿತ್ತು ಎಂಬ ಸಣ್ಣ ವಿಷಯ. ಅದು ಅವನ ಕಸುಬು. ಕರದಂಟು ಮಾಡುವವನು ತನ್ನ ಕೈಹದವನ್ನು ಸಂತೆಯಲ್ಲಿ ನಿಂತು ಸಾರಬೇಕು ಎಂದು ಗೋಕಾಕದಲ್ಲಿ ಯಾರಾದರೂ ಹಟ ಹಿಡಿದಾರೆಯೇ? ಕೊಳ್ಳುವವನಿಗೆ ತಾನು ತಿನ್ನುವುದು ಕರದಂಟೇ ಎಂದು ಗೊತ್ತಿದ್ದರೆ ಸಾಕು.

ಅದೇ ಕೈ, ಅದೇ ಬೆರಳು, “ಇದು ದೇವರ ಕೃಪೆ, ಕಾಣಿಕೆ ಇಡು” ಎಂದ ಕ್ಷಣ ಬೇರೆಯಾಯಿತು. ಬೂದಿಯನ್ನು ಗಂಜಿಯಲ್ಲಿ ಕಲಸಿ ಒಣಗಿಸಿದ ಗುಳಿಗೆಯನ್ನು ಬೆರಳ ಸಂದಿಯಲ್ಲಿಟ್ಟು ಪುಡಿ ಮಾಡಿದರೆ ವಿಭೂತಿ ಸುರಿಯುತ್ತದೆ. ಆಟವೆಂದು ತೋರಿಸಿದರೆ ಚಪ್ಪಾಳೆ. ಅವತಾರವೆಂದು ತೋರಿಸಿದರೆ ಅದಕ್ಕೆ ಗುಟ್ಟಿನ ಹಕ್ಕಿಲ್ಲ. ಅಮೆರಿಕದ ಹೂಡಿನಿ ಹೀಗೇ ನಡೆದುಕೊಂಡ. ತನ್ನ ಜಾದೂವಿನ ಗುಟ್ಟನ್ನು ಕಾಪಾಡಿಕೊಂಡ, ಸತ್ತವರ ಜೊತೆ ಮಾತಾಡಿಸುತ್ತೇವೆಂದು ದುಡ್ಡು ಕೀಳುವವರ ಗುಟ್ಟನ್ನು 1920ರ ದಶಕದಲ್ಲಿ ಊರೂರಲ್ಲಿ ಬಯಲು ಮಾಡಿದ. ಶ್ರೀಲಂಕಾದಲ್ಲಿ ಅಬ್ರಹಾಂ ಕೋವೂರ್ ಮೋಸಕ್ಕೆ ಎಡೆಯಿಲ್ಲದಂತೆ ಪವಾಡ ತೋರಿಸಿದವರಿಗೆ 1 ಲಕ್ಷ ರೂಪಾಯಿ ಕೊಡುವೆನೆಂದು 1963ರಲ್ಲಿ ಸವಾಲು ಹಾಕಿದರು. 1978ರಲ್ಲಿ ತೀರಿಕೊಳ್ಳುವವರೆಗೂ ಯಾರೂ ಅದನ್ನು ಗೆಲ್ಲಲಿಲ್ಲ. ನಮ್ಮ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಪರೀಕ್ಷೆಗೆ ಒಪ್ಪಿಗೆ ಬರಲಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಇದೇ ಕೆಲಸಕ್ಕೆ ಬದುಕು ಮುಡಿಪಿಟ್ಟ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅದೇ ವರ್ಷ ಅಲ್ಲಿ ಕಾಯ್ದೆ ಬಂತು. ಪವಾಡ ತೋರಿಸಿ ಹಣ ಮಾಡುವುದು, ಅದರ ಹೆಸರಲ್ಲಿ ಜನರನ್ನು ವಂಚಿಸಿ ಹೆದರಿಸುವುದು ಆ ಕಾಯ್ದೆಯಲ್ಲಿ ಅಪರಾಧ. ನಮ್ಮ ರಾಜ್ಯದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು.

ಬುದ್ಧರು ಏನು ಹೇಳುತ್ತಾರೆ? ದೀಘನಿಕಾಯದ ಕೇವಟ್ಟ ಸುತ್ತದಲ್ಲಿ ನಾಲಂದೆಯ ಗೃಹಸ್ಥನೊಬ್ಬ ಬಂದು, ಭಿಕ್ಷುವೊಬ್ಬರಿಂದ ಪವಾಡ ಮಾಡಿಸಿದರೆ ಊರವರ ಶ್ರದ್ಧೆ ಹೆಚ್ಚುತ್ತದೆ ಎಂದು ಬೇಡುತ್ತಾನೆ. ಬುದ್ಧರು ಒಪ್ಪುವುದಿಲ್ಲ. ನಂಬದವನು ಅದನ್ನು ನೋಡಿ ‘ಇದು ಗಾಂಧಾರಿ ಎಂಬ ವಿದ್ಯೆ’ ಎನ್ನುತ್ತಾನಲ್ಲವೇ ಎಂದು ಕೇಳುತ್ತಾರೆ. ಅಂಥ ಪವಾಡದ ಬಗ್ಗೆ ತಮಗೆ ಜಿಗುಪ್ಸೆ ಇದೆ ಎನ್ನುತ್ತಾರೆ. ಅವರು ಮೆಚ್ಚುವ ಪವಾಡ ಒಂದೇ, ಅದು ಉಪದೇಶ. ಹೀಗೆ ಯೋಚಿಸು, ಇದನ್ನು ಬಿಡು, ಇದನ್ನು ಬೆಳೆಸು ಎಂದು ಕಲಿಸುವುದು.

ವಿನಯಪಿಟಕದಲ್ಲಿ ಇನ್ನೊಂದು ಪ್ರಸಂಗ. ರಾಜಗೃಹದ ಸೆಟ್ಟಿ ಎತ್ತರದ ಬಿದಿರಿನ ತುದಿಗೆ ಗಂಧದ ಪಾತ್ರೆ ಕಟ್ಟಿಸಿ, ಶಕ್ತಿ ಇದ್ದವರು ಇಳಿಸಿಕೊಳ್ಳಲಿ ಎಂದ. ಪಿಂಡೋಲ ಭಾರದ್ವಾಜ ಹಾರಿ ತಂದರಂತೆ. ಹಾರಿದ್ದು ನಿಜವೋ ಎಂಬ ಚರ್ಚೆ ನಮಗೆ ಬೇಡ. ಬುದ್ಧರು ಅವರನ್ನು ಗದರಿಸಿ, ಗೃಹಸ್ಥರ ಮುಂದೆ ಪವಾಡ ತೋರಿಸಬಾರದೆಂದು ನಿಯಮ ಮಾಡಿದರು. ಆ ಪಾತ್ರೆಯನ್ನು ಒಡೆದು, ಕಣ್ಣಿಗೆ ಹಚ್ಚುವ ಅಂಜನಕ್ಕೆ ಬೆರೆಸಲು ಹಂಚಿಸಿದರು. ಕೊನೆಗಾಲದಲ್ಲಿ ಆನಂದರಿಗೆ ಅವರು ಹೇಳಿದ ಮಾತು ನಮಗೆಲ್ಲ ಗೊತ್ತಿದ್ದದ್ದೇ. ತಥಾಗತರ ಬಳಿ ‘ಆಚಾರ್ಯ ಮುಷ್ಟಿ’ ಇಲ್ಲ, ಬೋಧನೆಯಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ.

ಆಟಗಾರನ ಮುಷ್ಟಿ ಮುಚ್ಚಿರಬಹುದು. ಗುರುವಿನ ಮುಷ್ಟಿ ಮುಚ್ಚಿರಬಾರದು. ನನಗೆ ಸಿಕ್ಕ ಉತ್ತರ ಇಷ್ಟು.

ಆದರೆ ಈ ನಿಯಮ ನಮ್ಮ ಮನೆಗೂ ಅನ್ವಯಿಸಬೇಕು. ಬಾಬಾಸಾಹೇಬರು ಹಾಗೆಯೇ ಮಾಡಿದರು. ‘ಬುದ್ಧ ಮತ್ತು ಅವನ ಧಮ್ಮ’ದ ಮುನ್ನುಡಿಯಲ್ಲಿ, ಮುದುಕ, ರೋಗಿ, ಹೆಣ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನೇ ಪ್ರಶ್ನಿಸಿದರು. 29 ವರ್ಷದವನು ಅಲ್ಲಿಯವರೆಗೆ ಇವನ್ನು ಕಂಡಿರಲಿಲ್ಲ ಎಂದರೆ ನಂಬುವುದು ಹೇಗೆ? ಅದರ ಬದಲು ರೋಹಿಣಿ ನದಿಯ ನೀರಿನ ಜಗಳವನ್ನು ನಮ್ಮ ಮುಂದಿಟ್ಟರು. ನಮ್ಮ ಶ್ರದ್ಧೆ ಅದರಿಂದ ಕುಗ್ಗಲಿಲ್ಲ. ಪಕ್ಕದ ಮನೆಯ ಪವಾಡಕ್ಕೆ ನಕ್ಕು, ನಮ್ಮ ವಿಹಾರದ ಪವಾಡಕ್ಕೆ ಕೈ ಮುಗಿದರೆ ಅದು ಧಮ್ಮವಾಗದು.

ಗುಟ್ಟು ಬಿಚ್ಚುವ ರೀತಿಯೂ ಮುಖ್ಯ. ಮೋಸ ಹೋದವರನ್ನು “ಮೂರ್ಖರು” ಎಂದು ಮಂದಿಯ ಮುಂದೆ ನಗೆಗೀಡು ಮಾಡಿದರೆ ಅವರು ಮತ್ತೆ ಆ ಮಂತ್ರಗಾರನ ಬಾಗಿಲಿಗೇ ಹೋಗುತ್ತಾರೆ. ಜ್ವರ ಬಂದ ಮನೆಗೆ ಬೇಕಾದದ್ದು ದವಾಖಾನೆಗೆ ಜೊತೆಗೆ ಬರುವ ಒಬ್ಬರು. ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಡಿಸೆಂಬರ್ 6ರಂದು ಮಾನವ ಬಂಧುತ್ವ ವೇದಿಕೆಯವರು ಜನರನ್ನು ಸೇರಿಸುವುದು ನಿಮಗೆ ಗೊತ್ತು. ಅಲ್ಲಿ ಯಾರೂ ಯಾರನ್ನೂ ಹಂಗಿಸುವುದಿಲ್ಲ. ಸುಡುಗಾಡಿನಲ್ಲಿ ಕೂಡಿ ಕುಳಿತು ಉಣ್ಣುತ್ತಾರೆ. ಭಯ ತಾನಾಗಿ ಸಡಿಲುತ್ತದೆ.

ಆದ್ದರಿಂದ ಮೂಡಲಗಿಯ ಬಂಧುಗಳಿಗೆ ನನ್ನ ಮಾತು: ಸಂತೆಯ ಆಟಗಾರನ ತಟ್ಟೆಗೆ ಹತ್ತು ರೂಪಾಯಿ ಹಾಕ್ರಿ, ಗುಟ್ಟು ಕೇಳಬ್ಯಾಡ್ರಿ. ಬಯಲು ಮಾಡುವ ಕಾರ್ಯಕ್ರಮದವರೂ ಅವನ ಆಟದ ತಂಟೆಗೆ ಹೋಗದೆ, ಹೆದರಿಸಿ ಕೀಳುವವರ ವಿದ್ಯೆಯನ್ನಷ್ಟೇ ಬಿಚ್ಚಲಿ.

*ಇಂದಿನ ಸಂಕಲ್ಪ:* ಗೋಕಾಕ, ಮೂಡಲಗಿ, ಹುಕ್ಕೇರಿ ಯಾವ ಊರೇ ಇರಲಿ, ನಮ್ಮ ಓಣಿಯಲ್ಲಿ ‘ಮಾಟ ಮಾಡಿದಾಳ’ ಎಂಬ ಮಾತು ಹೊತ್ತ ಒಬ್ಬ ತಾಯಿ ಇದ್ದರೆ, ಇವತ್ತು ಅವರ ಮನೆಗೆ ಹೋಗಿ ಒಂದು ಕಪ್ಪು ಚಹಾ ಕುಡಿದು ಬರೋಣ.

ನಮೋ ಬುದ್ಧಾಯ. ಜೈ ಭೀಮ್.