ದಂಡಿನ ಧಾನ್ಯ ಮತ್ತು ಅನ್ನದ ಋಣ

ಯುದ್ಧಕ್ಕೆ ಅನ್ನ ಒದಗಿಸಿದವನಿಗೆ ಯುದ್ಧದ ಪಾಪ ತಟ್ಟುತ್ತದೆಯೇ? ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಲಂಬಾಣಿ ತಾಂಡಾಗಳಲ್ಲಿ ಈ ಪ್ರಶ್ನೆಗೆ ಜೀವಂತ ಹಿನ್ನೆಲೆಯಿದೆ. ಲಂಬಾಣಿಗರ ಹಿರೀಕರು ದಖನ್ನಿನ ದಂಡುಗಳಿಗೆ ಧಾನ್ಯ, ಉಪ್ಪು ಸಾಗಿಸಿ ಬದುಕಿದವರು.

ಮೊಗಲ್ ಸಿಪಾಯಿಗೆ ಸರ್ಕಾರ ಊಟ ಹಾಕುತ್ತಿರಲಿಲ್ಲ. ಅವನು ಸಂಬಳದ ಹಣದಲ್ಲಿ ದಂಡಿನ ಬಜಾರಿನಿಂದ ಕೊಂಡು ತಿನ್ನಬೇಕಿತ್ತು. ಆ ಬಜಾರನ್ನು ತುಂಬುತ್ತಿದ್ದದ್ದು ಲಂಬಾಣಿಗರ ಹೇರೆತ್ತುಗಳು. ಒಂದೊಂದು ಹಿಂಡಿನಲ್ಲಿ ಹತ್ತು ಹನ್ನೆರಡು ಸಾವಿರ ಎತ್ತುಗಳಿದ್ದವೆಂದು 17ನೇ ಶತಮಾನದ ಫ್ರೆಂಚ್ ವರ್ತಕ ತಾವರ್ನಿಯೆ ಬರೆದಿದ್ದಾನೆ. ಬೆನ್ನ ಮೇಲೆ ಜೋಡಿ ಗೋಣಿ, ಹಿಂದೆ ಹೆಂಗಸರು ಮಕ್ಕಳು, ಡೇರೆಯೇ ಮನೆ. ಷಹಜಹಾನನ ವಜೀರ ಆಸಫ್ ಖಾನನು ಲಂಬಾಣಿ ಮುಖಂಡರಾದ ಜಂಗಿ, ಭಂಗಿ ನಾಯಕರಿಗೆ ದಿನಕ್ಕೆ ಮೂರು ಕೊಲೆ ಮಾಫಿ ಎಂದು ತಾಮ್ರಪಟ ಬರೆಸಿಕೊಟ್ಟನೆಂಬ ಐತಿಹ್ಯವಿದೆ. ಅದು ನಿಜವೋ ಅಲ್ಲವೋ, ಧಾನ್ಯಕ್ಕಾಗಿ ಧರ್ಮವನ್ನೇ ಬದಿಗಿಡಲು ದೊರೆಗಳು ಸಿದ್ಧರಿದ್ದರೆಂಬ ಜನರ ತಿಳಿವಳಿಕೆ ಅದರಲ್ಲಿದೆ.

1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಎತ್ತುಗಳು ಸತ್ತು, ಅನ್ನವಿಲ್ಲದೆ ಈಸ್ಟ್ ಇಂಡಿಯಾ ಕಂಪನಿಯ ದಂಡನಾಯಕ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದೆ ಸರಿಯಬೇಕಾಯಿತು. ಆಮೇಲೆ ಕಂಪನಿ ಸರ್ಕಾರವೂ ಲಂಬಾಣಿಗರನ್ನೇ ನೆಚ್ಚಿತು. ಅವರು ಒಂದೇ ಪಕ್ಷಕ್ಕೆ ಕಟ್ಟುಬಿದ್ದವರಲ್ಲ. ಬೆಲೆ ಕೊಟ್ಟ ಪಾಳೆಯಕ್ಕೆ ಮಾರುತ್ತಿದ್ದರು.

ಇನ್ನು ಪಾಪದ ಪ್ರಶ್ನೆಗೆ ಬಂದರೆ, ಬುದ್ಧ ನಿಷೇಧಿಸಿದ ಐದು ವ್ಯಾಪಾರಗಳಲ್ಲಿ ಶಸ್ತ್ರವಿದೆ, ಧಾನ್ಯವಿಲ್ಲ. ಶರಣರ ಕಣ್ಣಿನಲ್ಲಿ ಹೊರುವುದೂ ಕಾಯಕವೇ. ಆದರೆ ಅವರು ಕಾಯಕದ ಶುದ್ಧಿಯನ್ನೂ ಕೇಳಿದರು: ಶರಣ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದವಳು ಹೆಂಡತಿ ಆಯ್ದಕ್ಕಿ ಲಕ್ಕಮ್ಮ. ಬರಗಾಲದ ಹಳ್ಳಿಯ ಕಣಜ ಬರಿದು ಮಾಡಿ ದಂಡಿಗೆ ಹೊತ್ತ ಜೋಳ ಈ ಅಳತೆಗೆ ನಿಲ್ಲುವುದಿಲ್ಲ. ಹೊತ್ತವನಿಗೆ ಅಷ್ಟು ಪಾಲು ತಟ್ಟುತ್ತದೆ.

ಉಂಡವನ ಪಾಲು ಇನ್ನೂ ದೊಡ್ಡದು. ವ್ಯಾಪಾರದಲ್ಲಿ ಹಣ ಕೊಟ್ಟ ಕೂಡಲೇ ಲೆಕ್ಕ ಚುಕ್ತಾ. ಅನ್ನದ ಋಣ ಹಾಗೆ ತೀರುವುದಿಲ್ಲ. ಇಂದಿನ ಸೇನೆಗಳು ಟೆಂಡರು, ಗುತ್ತಿಗೆ, ಕಂಪನಿಗಳ ರೀತಿಗೆ ಹೊರಳುತ್ತಿರುವಾಗ ಈ ಮಾತು ಮತ್ತೆ ಏಳುತ್ತದೆ. ಉದಾಹರಣೆಗೆ, ಭಾರತದ 41 ಶಸ್ತ್ರಾಸ್ತ್ರ ಕಾರ್ಖಾನೆಗಳು 2021ರ ಅಕ್ಟೋಬರ್ 1ರಂದು 7 ಸರ್ಕಾರಿ ಕಂಪನಿಗಳಾದವು. ಇದರಿಂದ ಖರ್ಚು ಉಳಿಯಬಹುದು, ಸರಕು ಬೇಗ ತಲುಪಬಹುದು. ಆದರೆ ಕೆಲಸವನ್ನು ಗುತ್ತಿಗೆಗೆ ಕೊಡಬಹುದೇ ಹೊರತು ಹೊಣೆಯನ್ನಲ್ಲ.

ಲಂಬಾಣಿಗರ ವಿಷಯದಲ್ಲಿ ಆ ಹೊಣೆಯನ್ನು ಯಾವ ದೊರೆಯೂ ಹೊರಲಿಲ್ಲ. ರೈಲು ಬಂದು ಹೇರೆತ್ತಿನ ಕಾಲ ಮುಗಿಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಅವರಲ್ಲಿ ಹಲವರಿಗೆ ಕಳಂಕ ಹಚ್ಚಿತು. ಕಲಬುರಗಿ ಮತ್ತು ಸುತ್ತಲ ಜಿಲ್ಲೆಗಳ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ವಾಸದ ಜಾಗದ ಹಕ್ಕುಪತ್ರ ವಿತರಣೆಯಾದದ್ದು 2023ರ ಜನವರಿ 19ರಂದು, ಮಳಖೇಡದಲ್ಲಿ.