ಖಾಲಿ ಕೋಣೆಯ ಕರೆಂಟು ಯಾರ ಋಣ?

ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದ್ದಾರೆ. ಹಾಗಾದರೆ ಸರ್ಕಾರಿ ಕಚೇರಿಯಲ್ಲಿ ಉರಿಯುವ ಕರೆಂಟು ಯಾರದು? ಗುಮಾಸ್ತನಾಗಿ ನಿವೃತ್ತನಾದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ, ಯಾಕೆಂದರೆ ನಮ್ಮದು ಮುಳುಗಡೆಯ ಮನೆತನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಜ್ಜನ ಅಡಿಕೆ ತೋಟ, ಮನೆ, ಚೌಡಿ ಬನ ಎಲ್ಲವೂ ಶರಾವತಿಯ ಪಾಲಾದವು. ಆ ನೀರಿನಿಂದ ನಾಡಿಗೆಲ್ಲ ಬೆಳಕಾಯಿತು. ಹಿನ್ನೀರಿನ ಆಚೆ ಉಳಿದ ಎಷ್ಟೋ ಮನೆಗಳವರು ಮಾತ್ರ ದಶಕಗಟ್ಟಲೆ ಬುಡ್ಡಿದೀಪದಲ್ಲೇ ಕಾಲ ಕಳೆದರು.

ನಾನಿದ್ದ ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಎದ್ದುಹೋದರೂ ಫ್ಯಾನುಗಳು ತಿರುಗುತ್ತಿದ್ದವು. ಸಾಹೇಬರು ಮೀಟಿಂಗಿಗೆ ಹೋದ ದಿನವೂ ಅವರ ಕೋಣೆಯ ಏಸಿ 18 ಡಿಗ್ರಿಯಲ್ಲಿ ನಡೆದೇ ಇರುತ್ತಿತ್ತು. ಕರೆಂಟು ಕದ್ದವನ ಮನೆಯಲ್ಲಿ ಮಗುವೊಂದು ಆ ಬೆಳಕಲ್ಲಿ ಓದಿಕೊಂಡೀತು. ಖಾಲಿ ಕೋಣೆಯಲ್ಲಿ ಉರಿದದ್ದು ಯಾರಿಗೂ ದಕ್ಕುವುದಿಲ್ಲ. ಇದು ಕಳ್ಳತನಕ್ಕಿಂತ ದೊಡ್ಡ ಪಾಪವೆಂದೇ ನಾನು ನಂಬಿದ್ದೇನೆ. ನಂದಾದೀಪದ ಎಣ್ಣೆಯನ್ನು ಮನೆಗೆ ಒಯ್ಯಲು ಅಂಜುವ ಭಕ್ತ ಅದನ್ನು ನೆಲಕ್ಕೆ ಚೆಲ್ಲಲೂ ಅಂಜುತ್ತಾನೆ.

ಕಚೇರಿಯ ಬಿಲ್ಲು ಅನುದಾನದಿಂದ ಕಟ್ಟುವಂಥದು. ಉಳಿಸಿದವನ ಜೇಬಿಗೆ ಪೈಸೆಯೂ ಬರುವುದಿಲ್ಲ, ಹೊಗಳುವವರೂ ಇಲ್ಲ. ಹೀಗಿದ್ದೂ ಎದ್ದುಹೋಗುವಾಗ ಸ್ವಿಚ್ ಆರಿಸುವ ಜವಾನನೊಬ್ಬ ನಮ್ಮಲ್ಲಿದ್ದ. ಗೀತೆ ಹೇಳುವ ನಿಷ್ಕಾಮ ಕರ್ಮವನ್ನು ನಾನು ಕಣ್ಣಾರೆ ಕಂಡದ್ದು ಅವನಲ್ಲಿ.

ಆದರೆ ಎಲ್ಲರೂ ಅವನಂತಾಗಲಿ ಎಂದು ಸರ್ಕಾರ ಕಾದು ಕೂರುವುದು ಧರ್ಮವಲ್ಲ. ಹಳೆಯ ಫ್ಯಾನು 75 ವ್ಯಾಟ್ ನುಂಗುವಲ್ಲಿ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಏಸಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

‘ತಾರಸಿಗೆ ಸೋಲಾರ್ ಹಾಕಿಸಿದ ಮೇಲೆ ಉಳಿತಾಯದ ಮಾತೇಕೆ, ಸೂರ್ಯ ಪುಕ್ಕಟೆ ಕೊಡ್ತಾನಲ್ಲ ಮಾರಾಯ್ರೆ’ ಎಂದು ಗೆಳೆಯರೊಬ್ಬರು ವಾದಿಸಿದ್ದರು. ಬಿಸಿಲು ಪುಕ್ಕಟೆ, ನಿಜ. ಅದನ್ನು ಹಿಡಿಯುವ ಫಲಕಕ್ಕೆ ಗಾಜು, ಲೋಹ, ನೆಲ ಎಲ್ಲವೂ ಬೇಕು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಹಿಡಿಯಿತು. ರೈತರು ಗುತ್ತಿಗೆಗೆ ಕೊಟ್ಟ ನೆಲ ಅದು. ಸೂರ್ಯನ ಕರೆಂಟಿಗೂ ಋಣವಿದೆ. ಅದಕ್ಕೇ ಸರ್ಕಾರಿ ತಾರಸಿಗಳ ಮೇಲೆ ನನಗೆ ಆಸೆ. ಅಲ್ಲಿ ಯಾರ ಹೊಲವನ್ನೂ ಕೇಳಬೇಕಿಲ್ಲ. ಕಚೇರಿಯೂ ಬಿಸಿಲಿರುವ ಹೊತ್ತಿನಲ್ಲೇ ನಡೆಯುತ್ತದೆ. ದೆಹಲಿಯಲ್ಲಿ 2014ರಲ್ಲಿ ಉದ್ಘಾಟನೆಯಾದ, ಕೇಂದ್ರ ಪರಿಸರ ಸಚಿವಾಲಯದ ಕಚೇರಿ ಇಂದಿರಾ ಪರ್ಯಾವರಣ ಭವನವನ್ನು ಗಾಳಿ ಬೆಳಕು ತಾವಾಗಿ ಬರುವಂತೆ ಕಟ್ಟಿ, ಬೇಡಿಕೆಯನ್ನೇ ತಗ್ಗಿಸಿ, ಮೇಲೆ 930 ಕಿಲೋವ್ಯಾಟ್ ಫಲಕ ಹಾಸಿದರು. ಮೊದಲು ಸಂಯಮ, ಆಮೇಲೆ ಸೂರ್ಯ. ಇದೇ ಸರಿಯಾದ ಕ್ರಮ.

ನಮ್ಮ ತಾಲ್ಲೂಕು ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ಈ ಕ್ರಮವನ್ನು ಜಾರಿಗೆ ತನ್ನಿ ಎಂದು ಅಧಿಕಾರದಲ್ಲಿರುವವರನ್ನು ಮುಳುಗಡೆಯವರ ಪರವಾಗಿ ಕೇಳಿಕೊಳ್ಳುತ್ತೇನೆ. ಅಲ್ಲಿಯವರೆಗೆ, ಸಂಜೆ ಕಡೆಯದಾಗಿ ಕಚೇರಿ ಬಿಡುವವರು ದಯವಿಟ್ಟು ಸ್ವಿಚ್ ಆರಿಸಿ ಹೊರಡಿ.